ಇಂಟರ್ನೆಟ್ ರೇಡಿಯೊ ರೆಕಾರ್ಡ್ ಮಾಡಲು ಯಾವ ಸಾಫ್ಟ್‌ವೇರ್? ಕರೆಂಟು ಕೈಕೊಡುವ ಊರಿಗೊಂದು ಸಮಗ್ರ ಮಾರ್ಗದರ್ಶಿ

ಆಕಾಶವಾಣಿ ಚಿತ್ರದುರ್ಗ 102.6 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಭದ್ರಾವತಿ 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ. ದಾವಣಗೆರೆಯ ಮನೆಯೊಂದರಲ್ಲಿ ಭದ್ರಾವತಿ ಹಾಕಿಕೊಂಡು ಕೂತಾಗ ಪಕ್ಕದಲ್ಲಿ ಮಿಕ್ಸಿ ತಿರುಗಿದರೆ, ಅಗ್ಗದ ಎಲ್‌ಇಡಿ ಬಲ್ಬು ಉರಿದರೆ ಮಾತಿಗಿಂತ ಗೊರಗೊರ ಸದ್ದೇ ಜಾಸ್ತಿ. ಇಂಟರ್ನೆಟ್‌ನಲ್ಲಿ ಬರುವ ರೇಡಿಯೊಗೆ ಈ ಕಾಟವಿಲ್ಲ. ಮೆಕ್ಕೆಜೋಳದ ಸೈನಿಕ ಹುಳುವಿನ ಬಗ್ಗೆ ಕೃಷಿ ವಿಜ್ಞಾನಿ ಆಡಿದ ಮಾತು, ವಚನ ಗಾಯನ, ನಿಮ್ಮೂರಿನ ಕಲಾವಿದರ ಸಂದರ್ಶನ, ಯಾವುದನ್ನಾದರೂ ಶುಚಿಯಾಗಿ ಇಳಿಸಿಟ್ಟುಕೊಳ್ಳಬಹುದು.

ಸಾಫ್ಟ್‌ವೇರ್ ಹುಡುಕುವವರು ಮೊದಲು ನೋಡುವುದು ಅದರ ಅಂದ ಮತ್ತು ಧ್ವನಿಯ ಗುಣಮಟ್ಟ. ಆದರೆ ನಮ್ಮ ಕಡೆ ರೆಕಾರ್ಡಿಂಗ್ ಹಾಳಾಗುವುದು ಗುಣಮಟ್ಟದಿಂದಲ್ಲ. ನಡುವೆ ಕರೆಂಟು ಹೋಗಿ ಫೈಲ್ ತೆರೆಯದಂತಾಗುತ್ತದೆ, ಇಲ್ಲವೇ ಲೈನ್ ಎರಡು ನಿಮಿಷ ಕಡಿದು ಸಾಫ್ಟ್‌ವೇರ್ ಅಲ್ಲಿಗೇ ನಿಂತುಬಿಡುತ್ತದೆ. ಹಾಗಾಗಿ ಯಾವುದೇ ಸಾಫ್ಟ್‌ವೇರ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಲೈನ್ ಕಡಿದಾಗ ಇದು ಏನು ಮಾಡುತ್ತದೆ?

ಇಳಿಸಿಕೊಳ್ಳುವುದು ಬೇರೆ, ಧ್ವನಿ ಹಿಡಿಯುವುದು ಬೇರೆ

ಇಂಟರ್ನೆಟ್ ರೇಡಿಯೊ ನಿಮ್ಮ ಕಂಪ್ಯೂಟರಿಗೆ ಬರುವಾಗಲೇ ಎಂಪಿ3 ಅಥವಾ ಎಎಸಿ ರೂಪದಲ್ಲಿ ಅಡಕವಾಗಿ ಬರುತ್ತದೆ. ಆ ಹರಿವನ್ನು ಹಾಗೆಯೇ ಡಿಸ್ಕಿಗೆ ಬರೆದುಕೊಳ್ಳುವುದು ಒಂದು ದಾರಿ. ಇದರಲ್ಲಿ ಧ್ವನಿ ಒಂದಿಷ್ಟೂ ಕೆಡುವುದಿಲ್ಲ, ಪ್ರೊಸೆಸರ್‌ಗೆ ಕೆಲಸವೇ ಇಲ್ಲ, ಸ್ಪೀಕರ್ ಬಂದ್ ಮಾಡಿಟ್ಟರೂ ರೆಕಾರ್ಡ್ ಆಗುತ್ತದೆ. ಇನ್ನೊಂದು ದಾರಿ, ಬ್ರೌಸರಿನಲ್ಲಿ ರೇಡಿಯೊ ಹಾಕಿ ಸ್ಪೀಕರಿಗೆ ಹೋಗುವ ಧ್ವನಿಯನ್ನು ಹಿಡಿಯುವುದು. ಇದರಲ್ಲಿ ಒಮ್ಮೆ ಬಿಚ್ಚಿದ ಧ್ವನಿಯನ್ನು ಮತ್ತೆ ಅಡಕ ಮಾಡಬೇಕು, ಗುಣ ಸ್ವಲ್ಪ ಇಳಿಯುತ್ತದೆ. ನಡುವೆ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅದರ ಟಿಂಗ್ ಸದ್ದೂ ರೆಕಾರ್ಡಿನೊಳಗೆ ಕೂರುತ್ತದೆ.

ಸ್ಟ್ರೀಮ್‌ನ, ಅಂದರೆ ಈ ಹರಿವಿನ, ವಿಳಾಸ ಸಿಕ್ಕರೆ ಯಾವಾಗಲೂ ಮೊದಲ ದಾರಿಯನ್ನೇ ಹಿಡಿಯಿರಿ. ವಿಳಾಸ ಸಿಗದಿದ್ದಾಗ ಮಾತ್ರ ಎರಡನೆಯದು.

ಮೊದಲು ವಿಳಾಸ ಪತ್ತೆ ಮಾಡಿ

ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ರೇಡಿಯೊ ಪುಟ ತೆರೆದು ಎಫ್12 ಕೀ ಒತ್ತಿ. ಕೆಳಗೋ ಪಕ್ಕದಲ್ಲೋ ಒಂದು ಫಲಕ ತೆರೆಯುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ವಿಭಾಗಕ್ಕೆ ಹೋಗಿ, ಆಮೇಲೆ ಪುಟದಲ್ಲಿ ಪ್ಲೇ ಒತ್ತಿ. ಈ ಕ್ರಮ ತಪ್ಪಬಾರದು. ಪ್ಲೇ ಒತ್ತಿದ ಮೇಲೆ ಫಲಕ ತೆರೆದರೆ ಮೊದಲ ಕೋರಿಕೆ ಪಟ್ಟಿಯಲ್ಲಿ ಕಾಣುವುದಿಲ್ಲ. ಫಿಲ್ಟರ್ ಪೆಟ್ಟಿಗೆಯಲ್ಲಿ ಎಂ3ಯು8 ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ ನೋಡಿ. ಏನೂ ಬರದಿದ್ದರೆ ಫಿಲ್ಟರ್ ಅಳಿಸಿ ಮೀಡಿಯಾ ಗುಂಡಿ ಒತ್ತಿ. ಸಿಕ್ಕ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ವಿಳಾಸ ಕಾಪಿ ಮಾಡಿಕೊಳ್ಳಿ.

ಸಿಗುವುದು ಬಹುಮಟ್ಟಿಗೆ ಎರಡೇ ಬಗೆ.

ಒಂದು, ಐಸ್‌ಕಾಸ್ಟ್ ಅಥವಾ ಶೌಟ್‌ಕಾಸ್ಟ್ ಬಗೆ. ನಲ್ಲಿ ತಿರುಗಿಸಿಟ್ಟ ಹಾಗೆ ಒಂದೇ ಸಂಪರ್ಕದಲ್ಲಿ ನಿಲ್ಲದೆ ಹರಿಯುತ್ತದೆ. ಹಾಡಿನ ಹೆಸರೂ ಹರಿವಿನ ನಡುನಡುವೆ ಬರುತ್ತಿರುತ್ತದೆ. ಪಿಎಲ್‌ಎಸ್ ಅಥವಾ ಎಂ3ಯು ಎಂದು ಕೊನೆಯಾಗುವ ಲಿಂಕ್ ಸಿಕ್ಕರೆ ಅದು ರೇಡಿಯೊ ಅಲ್ಲ, ರೇಡಿಯೊದ ವಿಳಾಸ ಬರೆದಿಟ್ಟ ಚೀಟಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗೆ ನಿಜವಾದ ವಿಳಾಸ ಇರುತ್ತದೆ.

ಎರಡು, ಎಚ್‌ಎಲ್‌ಎಸ್ ಬಗೆ. ಎಂ3ಯು8 ಲಿಂಕ್ ಇದರದ್ದು. ಧ್ವನಿಯನ್ನು ಕೆಲವು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಇತ್ತೀಚಿನ ತುಣುಕುಗಳ ಪಟ್ಟಿಯನ್ನು ಸರ್ವರ್ ಬದಲಿಸುತ್ತಾ ಹೋಗುತ್ತದೆ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್‌ನಲ್ಲಿ ಬರುವ ಆಕಾಶವಾಣಿ ಕೇಂದ್ರಗಳು ಈ ಬಗೆಯವು. ಇದರಲ್ಲೊಂದು ಲಾಭವಿದೆ: ಲೈನ್ ಹತ್ತು ಸೆಕೆಂಡು ಕಡಿದು ಮತ್ತೆ ಬಂದರೆ ಕಳೆದುಹೋದ ತುಣುಕು ಪಟ್ಟಿಯಲ್ಲಿ ಇನ್ನೂ ಇರುವ ಸಾಧ್ಯತೆ ಇರುವುದರಿಂದ ಅದನ್ನು ಹಿಂದಿರುಗಿ ತರಬಹುದು. ಐಸ್‌ಕಾಸ್ಟ್‌ನಲ್ಲಿ ಹೋದದ್ದು ಹೋಯಿತು.

ವಿಳಾಸದ ಕೊನೆಯಲ್ಲಿ ಅರ್ಥವಿಲ್ಲದ ಉದ್ದನೆಯ ಅಕ್ಷರಮಾಲೆ ಇದ್ದರೆ ಎಚ್ಚರ. ಅದು ಕೆಲ ಗಂಟೆ ಮಾತ್ರ ನಡೆಯುವ ಟೋಕನ್ ಆಗಿರಬಹುದು. ಈ ದಿನ ಉಳಿಸಿಟ್ಟ ಲಿಂಕ್ ಮರುದಿನವೂ ಹಾಡುತ್ತದೆಯೇ ಎಂದು ನೋಡದೆ ಅದರ ಮೇಲೆ ದಿನನಿತ್ಯದ ರೆಕಾರ್ಡಿಂಗ್ ಕಟ್ಟಬೇಡಿ.

ಯಾವುದನ್ನು ಆರಿಸಬೇಕು

ಅಪರೂಪಕ್ಕೊಂದು ಕಾರ್ಯಕ್ರಮ, ಅದೂ ನೀವು ಎದುರಿಗೇ ಕೂತಿರುವಾಗ ಸಾಕೆನಿಸಿದರೆ ವಿಎಲ್‌ಸಿ. ಉಚಿತ, ಎರಡೂ ಬಗೆಯ ಸ್ಟ್ರೀಮ್ ನುಡಿಸುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಲೈನ್ ಕಡಿದರೆ ತಾನಾಗಿ ಮತ್ತೆ ಹಿಡಿಯುವುದರಲ್ಲಿ ಮಾತ್ರ ನೆಚ್ಚಿಕೊಳ್ಳುವಂತಿಲ್ಲ.

ಪ್ರತಿದಿನ ಒಂದೇ ಹೊತ್ತಿಗೆ, ನೀವು ಹೊಲದಲ್ಲೋ ಅಂಗಡಿಯಲ್ಲೋ ಇರುವಾಗ ತಾನಾಗಿ ಆಗಬೇಕೆಂದರೆ ಎಫ್‌ಎಫ್‌ಎಂಪೆಗ್. ಇದಕ್ಕೆ ಕಿಟಕಿಯಿಲ್ಲ, ಗುಂಡಿಯಿಲ್ಲ, ಆದೇಶ ಬರೆದು ಓಡಿಸಬೇಕು. ಆ ಒಂದು ಸಾಲು ಒಮ್ಮೆ ಸರಿಯಾಗಿ ಬರೆದಿಟ್ಟರೆ ವರ್ಷಗಟ್ಟಲೆ ನಡೆಯುತ್ತದೆ. ಈ ಮಾರ್ಗದರ್ಶಿಯ ಶಿಫಾರಸು ಇದೇ, ಕಾರಣ ಮುಂದೆ ಬರುತ್ತದೆ.

ಹಾಡುಗಳನ್ನು ಬೇರೆಬೇರೆ ಫೈಲಾಗಿ ಬಿಡಿಸಿಕೊಡುವ ಸ್ಟ್ರೀಮ್‌ರಿಪ್ಪರ್, ಸ್ಟ್ರೀಮ್‌ರೈಟರ್‌ಗಳ ಹೆಸರು ಎಲ್ಲೆಡೆ ಕೇಳುತ್ತದೆ. ಇವು ಹಾಡಿನ ಹೆಸರು ಬದಲಾದ ಕ್ಷಣವನ್ನು ನೋಡಿ ಕತ್ತರಿಸುತ್ತವೆ. ಕೇಂದ್ರದವರು ಹಾಡಿನ ಹೆಸರನ್ನೇ ಕಳಿಸದಿದ್ದರೆ ಇವಕ್ಕೆ ಕತ್ತರಿಸಲು ಗುರುತೇ ಇಲ್ಲ. ಹೆಸರು ಕಳಿಸಿದರೂ ಅದು ಹಾಡಿಗಿಂತ ಕೆಲ ಸೆಕೆಂಡು ಮುಂಚೆ ಅಥವಾ ತಡವಾಗಿ ಬಂದು ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟುತ್ತದೆ. ಸ್ಟ್ರೀಮ್‌ರಿಪ್ಪರ್‌ಗೆ ಎಚ್‌ಎಲ್‌ಎಸ್ ತಿಳಿಯದು. ಮಾತಿನ ಕಾರ್ಯಕ್ರಮಕ್ಕೆ, ಆಕಾಶವಾಣಿಗೆ ಇವು ಬೇಡ.

ವಿಳಾಸವೇ ಸಿಗದ ಪುಟಕ್ಕೆ, ಸ್ಪೀಕರಿಗೆ ಹೋಗುವ ಧ್ವನಿಯನ್ನು ಹಿಡಿಯುವ ಆಡಾಸಿಟಿ.

ಯಾವುದನ್ನೇ ಆಗಲಿ ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. "ಉಚಿತ ರೇಡಿಯೊ ರೆಕಾರ್ಡರ್" ಎಂದು ಹುಡುಕಿದಾಗ ಮೇಲೆ ಬರುವ ಜಾಹೀರಾತು ಲಿಂಕ್‌ಗಳಲ್ಲಿ ಬೇಡದ ಟೂಲ್‌ಬಾರ್, ಬ್ರೌಸರ್ ಬದಲಿಸುವ ಕಿರಿಕಿರಿಗಳು ಜೊತೆಗೇ ಬರುತ್ತವೆ. ಎಫ್‌ಎಫ್‌ಎಂಪೆಗ್‌ನವರು ವಿಂಡೋಸ್‌ಗೆ ತಾವೇ ಸಿದ್ಧ ಫೈಲ್ ಕೊಡುವುದಿಲ್ಲ. ಅವರ ಡೌನ್‌ಲೋಡ್ ಪುಟದಲ್ಲಿ ವಿಂಡೋಸ್ ಚಿಹ್ನೆ ಒತ್ತಿದರೆ ಸಿದ್ಧಪಡಿಸಿ ಕೊಡುವವರ ಲಿಂಕ್ ಸಿಗುತ್ತದೆ. ಜಿಪ್ ಬಿಚ್ಚಿ, ಒಳಗಿನ ಬಿನ್ ಫೋಲ್ಡರಿನಲ್ಲಿರುವ ಫೈಲನ್ನು ಸಿ ಡ್ರೈವಿನಲ್ಲಿ ರೇಡಿಯೊ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟ ಫೋಲ್ಡರಿಗೆ ಹಾಕಿ. ಫೋಲ್ಡರಿನ ಹೆಸರಲ್ಲಿ ಖಾಲಿ ಜಾಗ ಬೇಡ, ಕನ್ನಡ ಅಕ್ಷರವೂ ಬೇಡ. ಕಮಾಂಡ್ ಕಿಟಕಿಯಲ್ಲಿ ಕನ್ನಡ ಚೌಕಚೌಕವಾಗಿ ಕಂಡು, ತಪ್ಪೆಲ್ಲಿದೆ ಎಂದು ಹುಡುಕುವುದೇ ಕಷ್ಟವಾಗುತ್ತದೆ.

ವಿಎಲ್‌ಸಿಯಲ್ಲಿ ಹೀಗೆ

1. ಕಂಟ್ರೋಲ್ ಮತ್ತು ಎನ್ ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ ವಿಳಾಸ ಅಂಟಿಸಿ ಪ್ಲೇ ಮಾಡಿ.
2. ಕಂಟ್ರೋಲ್ ಮತ್ತು ಜೆ ಒತ್ತಿದರೆ ಸ್ಟ್ರೀಮ್ ಎಂಪಿ3ಯೋ ಎಎಸಿಯೋ ಎಂಬುದು ತಿಳಿಯುತ್ತದೆ. ಬರೆದಿಟ್ಟುಕೊಳ್ಳಿ.
3. ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಆರಿಸಿ. ಪ್ಲೇ ಗುಂಡಿಯ ಮೇಲೆ ಕೆಂಪು ಗುಂಡಿ ಬರುತ್ತದೆ. ಒತ್ತಿದರೆ ಶುರು, ಮತ್ತೆ ಒತ್ತಿದರೆ ನಿಲುಗಡೆ.
4. ಫೈಲ್ ಎಲ್ಲಿ ಹೋಯಿತೆಂದು ಹುಡುಕುವ ಮೊದಲೇ, ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್ ಮತ್ತು ಕೋಡೆಕ್ಸ್ ವಿಭಾಗಕ್ಕೆ ಹೋಗಿ ರೆಕಾರ್ಡ್ ಡೈರೆಕ್ಟರಿ ಎಂಬಲ್ಲಿ ನಿಮ್ಮ ಫೋಲ್ಡರ್ ತೋರಿಸಿ.

ಧ್ವನಿ ತಡೆತಡೆದು ಬರುತ್ತಿದ್ದರೆ ಅದೇ ಪ್ರಿಫರೆನ್ಸಸ್‌ನ ಎಡಗಡೆ ಕೆಳಗೆ ಆಲ್ ಎಂದು ಆರಿಸಿ, ನೆಟ್‌ವರ್ಕ್ ಕ್ಯಾಶಿಂಗ್ ಎಂದು ಹುಡುಕಿ. 1000 ಮಿಲಿಸೆಕೆಂಡ್ ಇರುವುದನ್ನು 5000 ಮಾಡಿ. ಸಣ್ಣಪುಟ್ಟ ತಡೆಗಳು ಐದು ಸೆಕೆಂಡಿನ ಸಂಗ್ರಹದಲ್ಲಿ ಮುಚ್ಚಿಹೋಗುತ್ತವೆ.

ಎಫ್‌ಎಫ್‌ಎಂಪೆಗ್: ದಿನವೂ ತಾನಾಗಿ ಆಗುವ ರೆಕಾರ್ಡಿಂಗ್

ಅರ್ಧ ಗಂಟೆಯ ಕಾರ್ಯಕ್ರಮವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಂಟರ್ನೆಟ್‌ನಲ್ಲಿ ಬರುವ ಧ್ವನಿ ಗಾಳಿಯಲ್ಲಿ ಬರುವುದಕ್ಕಿಂತ ಹಿಂದೆ ಇರುತ್ತದೆ. ಅರ್ಧ ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು. ಆದ್ದರಿಂದ 2 ನಿಮಿಷ ಮೊದಲೇ ಶುರು ಮಾಡಿ 5 ನಿಮಿಷ ತಡವಾಗಿ ಮುಗಿಸಿ. ಒಟ್ಟು 37 ನಿಮಿಷ, ಅಂದರೆ 2220 ಸೆಕೆಂಡು.

ನೋಟ್‌ಪ್ಯಾಡಿನಲ್ಲಿ ಈ ಭಾಗಗಳನ್ನು ಇದೇ ಕ್ರಮದಲ್ಲಿ, ಒಂದೇ ಸಾಲಿನಲ್ಲಿ, ಇಂಗ್ಲಿಷಿನಲ್ಲಿ ಬರೆಯಬೇಕು. ಆಯ್ಕೆಗಳ ಹೆಸರೆಲ್ಲ ಸಣ್ಣಕ್ಷರ, ವಿಳಾಸ ಮಾತ್ರ ಕಾಪಿ ಮಾಡಿಕೊಂಡ ಹಾಗೆಯೇ ಇರಲಿ. ಅಂಡರ್‌ಸ್ಕೋರ್ ಎಂದಲ್ಲಿ ಖಾಲಿ ಜಾಗ ಬಿಡದೆ ಕೆಳಗೆರೆ ಚಿಹ್ನೆ ಹಾಕಿ. ಪ್ರತಿ ಆಯ್ಕೆಯ ಹೆಸರಿಗೆ ಮೊದಲು, ಅದಕ್ಕೆ ಅಂಟಿದಂತೆ ಒಂದು ಹೈಫನ್, ಆಯ್ಕೆಗೂ ಅದರ ಮೌಲ್ಯಕ್ಕೂ ನಡುವೆ ಒಂದು ಖಾಲಿ ಜಾಗ.

ಮೊದಲು ಎಫ್‌ಎಫ್‌ಎಂಪೆಗ್ ಫೈಲಿನ ಪೂರ್ತಿ ದಾರಿ, ಡ್ರೈವ್ ಅಕ್ಷರದಿಂದ ಹಿಡಿದು.

ಆಮೇಲೆ ಸಂಪರ್ಕದ ಆಯ್ಕೆಗಳು: ರೀಕನೆಕ್ಟ್ 1, ರೀಕನೆಕ್ಟ್ ಅಂಡರ್‌ಸ್ಕೋರ್ ಸ್ಟ್ರೀಮ್ಡ್ 1, ರೀಕನೆಕ್ಟ್ ಅಂಡರ್‌ಸ್ಕೋರ್ ಡಿಲೇ ಅಂಡರ್‌ಸ್ಕೋರ್ ಮ್ಯಾಕ್ಸ್ 30, ಆರ್‌ಡಬ್ಲ್ಯು ಅಂಡರ್‌ಸ್ಕೋರ್ ಟೈಮ್‌ಔಟ್ 15000000. ಕೊನೆಯದು ಮೈಕ್ರೊಸೆಕೆಂಡಿನ ಲೆಕ್ಕ, ಅಂದರೆ 15 ಸೆಕೆಂಡು. ಇದು ಇಲ್ಲದಿದ್ದರೆ ಲೈನ್ ಸತ್ತಿದ್ದರೂ ಸಂಪರ್ಕ ಇದೆಯೆಂದೇ ಭಾವಿಸಿ ಸಾಫ್ಟ್‌ವೇರ್ ಸುಮ್ಮನೆ ಕಾಯುತ್ತಾ ಕೂರುತ್ತದೆ. ರೀಕನೆಕ್ಟ್‌ನ ಮೂರು ಆಯ್ಕೆಗಳು ಐಸ್‌ಕಾಸ್ಟ್ ಬಗೆಯ ಸ್ಟ್ರೀಮ್‌ಗೆ. ಎಂ3ಯು8 ಲಿಂಕ್ ಆದರೆ ಈ ಮೂರನ್ನು ಬಿಡಿ, ತುಣುಕುಗಳನ್ನು ಮತ್ತೆ ಮತ್ತೆ ಕೇಳುವ ಕೆಲಸವನ್ನು ಎಫ್‌ಎಫ್‌ಎಂಪೆಗ್ ತಾನೇ ಮಾಡುತ್ತದೆ.

ಬಳಿಕ ಐ ಎಂಬ ಆಯ್ಕೆ, ಅದರ ನಂತರ ಜೋಡಿ ಉದ್ಧರಣ ಚಿಹ್ನೆಯೊಳಗೆ ರೇಡಿಯೊ ವಿಳಾಸ. ಚಿಹ್ನೆ ಮರೆತರೆ, ವಿಳಾಸದಲ್ಲಿರುವ "ಆಂಡ್" ಗುರುತನ್ನು ವಿಂಡೋಸ್ ಇನ್ನೊಂದು ಆದೇಶವೆಂದು ಓದಿ ಅಲ್ಲೇ ಕಡಿದುಬಿಡುತ್ತದೆ. ಸಂಪರ್ಕದ ಆಯ್ಕೆಗಳೆಲ್ಲ ಈ ಐ ಗಿಂತ ಮೊದಲೇ ಬರಬೇಕು. ನಂತರ ಬರೆದರೆ ಅವು ಬರೆಯುವ ಫೈಲಿಗೆ ಅನ್ವಯವಾಗಿ ಪ್ರಯೋಜನವಿಲ್ಲ.

ಮುಂದೆ ಟಿ 2220, ಇದು ಅವಧಿ. ಸಿ ಕಾಪಿ, ಇದು "ಬಂದದ್ದನ್ನು ಹಾಗೇ ಬರೆ" ಎಂಬ ಆಜ್ಞೆ. ಇಡೀ ಸಾಲಿನ ಜೀವ ಇದರಲ್ಲಿದೆ. ಆಮೇಲೆ ಎಫ್ ಸೆಗ್‌ಮೆಂಟ್, ಸೆಗ್‌ಮೆಂಟ್ ಅಂಡರ್‌ಸ್ಕೋರ್ ಟೈಮ್ 600, ಎಸ್‌ಟಿಆರ್‌ಎಫ್‌ಟೈಮ್ 1. ಇವುಗಳಿಂದ ಪ್ರತಿ 10 ನಿಮಿಷಕ್ಕೊಂದು ಹೊಸ ಫೈಲ್ ಆಗುತ್ತದೆ, ಹೆಸರಿನಲ್ಲಿ ದಿನಾಂಕ ಮತ್ತು ಹೊತ್ತು ತಾನಾಗಿ ಸೇರುತ್ತದೆ.

ಕೊನೆಗೆ ಫೈಲಿನ ಹೆಸರು, ಅದೂ ಪೂರ್ತಿ ದಾರಿಯೊಂದಿಗೆ. ದಿನಾಂಕಕ್ಕೆ ಶೇಕಡ ಚಿಹ್ನೆಯ ಜೊತೆ ದೊಡ್ಡ ವೈ, ಸಣ್ಣ ಎಂ, ಸಣ್ಣ ಡಿ. ಹೊತ್ತಿಗೆ ದೊಡ್ಡ ಎಚ್, ದೊಡ್ಡ ಎಂ. ಸಣ್ಣ ಎಂ ಅಂದರೆ ತಿಂಗಳು, ದೊಡ್ಡ ಎಂ ಅಂದರೆ ನಿಮಿಷ. ಇವೆರಡು ಅದಲುಬದಲಾದರೆ ಪಿಯುಸಿ ಫಲಿತಾಂಶದ ಸಂದರ್ಶನ 37ನೇ ತಿಂಗಳ ಹೆಸರಿನಲ್ಲಿ ಕೂತಿರುತ್ತದೆ. ನಡುವೆ ಹೈಫನ್ ಹಾಕಿ. ವಿಂಡೋಸ್ ಫೈಲ್ ಹೆಸರಿನಲ್ಲಿ ವಿವರಣ ಚಿಹ್ನೆ, ಅಂದರೆ ಎರಡು ಚುಕ್ಕಿ, ಬರುವಂತಿಲ್ಲ.

ಇದನ್ನು ಬ್ಯಾಚ್ ಫೈಲಾಗಿ, ಅಂದರೆ ಕೊನೆಯಲ್ಲಿ ಚುಕ್ಕಿ ಬಿ ಎ ಟಿ ಎಂದು ಉಳಿಸಿ. ಬ್ಯಾಚ್ ಫೈಲಿನೊಳಗೆ ಪ್ರತಿ ಶೇಕಡ ಚಿಹ್ನೆಯನ್ನೂ ಎರಡೆರಡು ಸಲ ಬರೆಯಬೇಕು, ವಿಳಾಸದೊಳಗಿನದನ್ನೂ ಸೇರಿಸಿ. ಕಮಾಂಡ್ ಕಿಟಕಿಯಲ್ಲಿ ಸರಿಯಾಗಿ ಓಡಿದ ಸಾಲು ಬ್ಯಾಚ್ ಫೈಲಿನಲ್ಲಿ ಕೆಟ್ಟರೆ ಹತ್ತಕ್ಕೆ ಒಂಬತ್ತು ಸಲ ಕಾರಣ ಇದೇ.

ಫೈಲಿನ ವಿಸ್ತರಣೆ ಯಾವುದೆಂಬುದು ಸಣ್ಣ ವಿಷಯವಲ್ಲ. ಸ್ಟ್ರೀಮ್ ಎಂಪಿ3 ಆದರೆ ಎಂಪಿ3, ಎಎಸಿ ಆದರೆ ಎಎಸಿ ಅಥವಾ ಟಿಎಸ್ ಎಂದಿಡಿ. ಎಂ4ಎ ಅಥವಾ ಎಂಪಿ4 ಬೇಡವೇ ಬೇಡ. ಅವುಗಳ ಸೂಚಿ, ಅಂದರೆ ಒಳಗೆ ಏನೆಲ್ಲಿದೆ ಎಂಬ ಪಟ್ಟಿ, ರೆಕಾರ್ಡಿಂಗ್ ಮುಗಿದ ಮೇಲೆ ಕೊನೆಗೆ ಬರೆಯಲ್ಪಡುತ್ತದೆ. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಕರೆಂಟು ಹೋದರೆ ಸೂಚಿಯಿಲ್ಲದ ಆ ಫೈಲ್ ತೆರೆಯುವುದೇ ಇಲ್ಲ, ಆ ತುಣುಕಿನ ಅಷ್ಟೂ ನಿಮಿಷ ಮಣ್ಣುಪಾಲು. ಎಂಪಿ3, ಎಎಸಿ, ಟಿಎಸ್‌ಗಳಲ್ಲಿ ಪ್ರತಿ ಚೂರೂ ಸ್ವತಂತ್ರ. ಎಲ್ಲಿ ಕಡಿದರೂ ಅಲ್ಲಿಯವರೆಗಿನದು ಹಾಡುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ತಿಂಗಳುಗಳಲ್ಲಿ ಈ ಒಂದು ಎಚ್ಚರಿಕೆ ನೂರು ರೆಕಾರ್ಡಿಂಗ್ ಉಳಿಸುತ್ತದೆ.

ಟಾಸ್ಕ್ ಶೆಡ್ಯೂಲರ್‌ನಲ್ಲಿ ತಪ್ಪುವ ಜಾಗಗಳು

ಹೇಳಿದ ಹೊತ್ತಿಗೆ ಕೆಲಸ ಶುರು ಮಾಡಿಸುವ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ತೆರೆದು ಕ್ರಿಯೇಟ್ ಟಾಸ್ಕ್ ಆರಿಸಿ. ಕ್ರಿಯೇಟ್ ಬೇಸಿಕ್ ಟಾಸ್ಕ್ ಬೇಡ, ಅದರಲ್ಲಿ ಬೇಕಾದ ಆಯ್ಕೆಗಳು ಮುಂದೆ ಕಾಣುವುದಿಲ್ಲ. ಟ್ರಿಗರ್ಸ್‌ನಲ್ಲಿ ಡೈಲಿ ಮತ್ತು ಹೊತ್ತು, ಆ್ಯಕ್ಷನ್ಸ್‌ನಲ್ಲಿ ನಿಮ್ಮ ಬ್ಯಾಚ್ ಫೈಲ್. ಇಷ್ಟು ಎಲ್ಲರೂ ಮಾಡುತ್ತಾರೆ. ಕೆಡುವುದು ಉಳಿದ ಪುಟಗಳಲ್ಲಿ.

ಕಂಡಿಷನ್ಸ್ ಪುಟದಲ್ಲಿ "ಕಂಪ್ಯೂಟರ್ ಎಸಿ ಪವರ್‌ನಲ್ಲಿ ಇದ್ದರೆ ಮಾತ್ರ ಶುರು ಮಾಡು" ಎಂಬ ಅರ್ಥದ ಗುರುತು ಮೊದಲಿನಿಂದಲೇ ಹಾಕಿರುತ್ತದೆ. ಅದರ ಕೆಳಗೆ, ಬ್ಯಾಟರಿಗೆ ಬದಲಾದರೆ ನಿಲ್ಲಿಸು ಎಂಬುದೂ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಪೂರ್ತಿ ಇದ್ದರೂ ಕರೆಂಟು ಹೋದ ಕ್ಷಣಕ್ಕೆ ರೆಕಾರ್ಡಿಂಗ್ ನಿಲ್ಲುವುದು ಇದರಿಂದಲೇ. ಎರಡನ್ನೂ ತೆಗೆದುಹಾಕಿ.

ಅದೇ ಪುಟದಲ್ಲಿ ಕಂಪ್ಯೂಟರನ್ನು ಎಬ್ಬಿಸುವ ಆಯ್ಕೆಗೆ ಗುರುತು ಹಾಕಿ. ಜೊತೆಗೆ ಪವರ್ ಆಪ್ಷನ್ಸ್‌ನ ಸ್ಲೀಪ್ ವಿಭಾಗದಲ್ಲಿ ವೇಕ್ ಟೈಮರ್ಸ್ ಎನೇಬಲ್ ಆಗಿರಬೇಕು, ಬ್ಯಾಟರಿಗೂ. ಸ್ಲೀಪ್‌ನಲ್ಲಿರುವ ಕಂಪ್ಯೂಟರ್ ಹೀಗೆ ಏಳುತ್ತದೆ, ಶಟ್‌ಡೌನ್ ಮಾಡಿದ್ದು ಏಳುವುದಿಲ್ಲ.

ಸೆಟ್ಟಿಂಗ್ಸ್ ಪುಟದಲ್ಲಿ "ತಪ್ಪಿಹೋದ ಕೆಲಸವನ್ನು ಆದಷ್ಟು ಬೇಗ ಮಾಡು" ಎಂಬ ಆಯ್ಕೆ ಇದೆ. ಬೇರೆ ಕೆಲಸಗಳಿಗೆ ಒಳ್ಳೆಯದು, ರೇಡಿಯೊಗೆ ಬೇಡ. ಬೆಳಗಿನ ಕಾರ್ಯಕ್ರಮ ತಪ್ಪಿ ಹತ್ತು ಗಂಟೆಗೆ ಕಂಪ್ಯೂಟರ್ ಹಾಕಿದಾಗ ಬರುತ್ತಿರುವ ಇನ್ಯಾವುದನ್ನೋ ಅದು ರೆಕಾರ್ಡ್ ಮಾಡುತ್ತದೆ.

ಜನರಲ್ ಪುಟದಲ್ಲಿ, ಲಾಗಿನ್ ಆಗದೆಯೂ ಓಡುವ ಆಯ್ಕೆ ಹಾಕಿದರೆ ಪಾಸ್‌ವರ್ಡ್ ಕೇಳುತ್ತದೆ. ಕಂಪ್ಯೂಟರ್ ತೆರೆಯಲು ಬಳಸುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡೇ ಬೇಕು.

ಬಹಳ ಮುಖ್ಯವಾದ ಕಾರ್ಯಕ್ರಮವಾದರೆ ಇದೇ ಕೆಲಸವನ್ನು 5 ನಿಮಿಷ ತಡವಾಗಿ ಶುರುವಾಗುವ ಇನ್ನೊಂದು ಟಾಸ್ಕ್ ಆಗಿಯೂ ಇಡಿ, ಫೈಲ್ ಹೆಸರಿನ ಮೊದಲಕ್ಷರ ಬೇರೆ ಕೊಟ್ಟು. ಒಂದು ಸಿಕ್ಕಿಕೊಂಡರೂ ಇನ್ನೊಂದು ಉಳಿಯುತ್ತದೆ.

ಕಂಪ್ಯೂಟರಿಗೆ ಬ್ಯಾಟರಿ ಇದ್ದು ರೌಟರಿಗೆ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ. ಫೈಬರ್ ಲೈನಿನ ಪೆಟ್ಟಿಗೆ ಮತ್ತು ರೌಟರ್ ಸಾಮಾನ್ಯವಾಗಿ 12 ವೋಲ್ಟಿನವು. ಅಡಾಪ್ಟರಿನ ಮೇಲಿನ ವೋಲ್ಟ್ ಮತ್ತು ಆಂಪಿಯರ್ ನೋಡಿ ಅದಕ್ಕೆ ಹೊಂದುವ ಮಿನಿ ಯುಪಿಎಸ್ ಹಾಕಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ಆ ಮೋಡ್‌ನಲ್ಲಿ ಇಲ್ಲದಿದ್ದರೆ ಕರೆಂಟು ಬದಲಾಗುವ ಕ್ಷಣದಲ್ಲಿ ರೌಟರ್ ಆರಿ ಹತ್ತುತ್ತದೆ. ಅದು ಮತ್ತೆ ಲೈನ್ ಹಿಡಿಯುವ ಹೊತ್ತಿಗೆ ಎರಡು ಮೂರು ನಿಮಿಷದ ಮಾತು ಹೋಗಿರುತ್ತದೆ.

ವಿಳಾಸ ಸಿಗದಿದ್ದರೆ ಆಡಾಸಿಟಿ

ಆಡಿಯೊ ಸೆಟಪ್‌ನಲ್ಲಿ ಹೋಸ್ಟ್ ಎಂಬಲ್ಲಿ ವಿಂಡೋಸ್ ವಸಾಪಿ ಆರಿಸಿ, ರೆಕಾರ್ಡಿಂಗ್ ಡಿವೈಸ್‌ನಲ್ಲಿ ನಿಮ್ಮ ಸ್ಪೀಕರ್ ಹೆಸರಿನ ಮುಂದೆ ಲೂಪ್‌ಬ್ಯಾಕ್ ಎಂದಿರುವುದನ್ನು ಆರಿಸಿ. ಮೈಕ್ ಆರಿಸಿದರೆ ಕೋಣೆಯ ಫ್ಯಾನಿನ ಸದ್ದೂ ಸೇರುತ್ತದೆ. ಶಿಫ್ಟ್ ಮತ್ತು ಟಿ ಒತ್ತಿದರೆ ಟೈಮರ್ ರೆಕಾರ್ಡ್ ತೆರೆಯುತ್ತದೆ, ಶುರು ಮತ್ತು ಕೊನೆಯ ಹೊತ್ತು ಕೊಡಬಹುದು. ಆ ಹೊತ್ತಿಗೆ ಬ್ರೌಸರಿನಲ್ಲಿ ರೇಡಿಯೊ ಹಾಡುತ್ತಿರಬೇಕು. ಧ್ವನಿಯೇ ಬರದಿದ್ದಾಗ ಲೂಪ್‌ಬ್ಯಾಕ್ ರೆಕಾರ್ಡಿಂಗ್ ಮುಂದೆ ಸಾಗುವುದಿಲ್ಲ, ಹಾಗಾಗಿ ತಡೆಯಾದ ನಿಮಿಷಗಳು ಫೈಲಿನಲ್ಲಿ ಮೌನವಾಗಿ ಕಾಣದೆ ಮಾಯವಾಗಿರುತ್ತವೆ. ವಿಂಡೋಸ್‌ನ ನೋಟಿಫಿಕೇಶನ್ ಸದ್ದನ್ನು ಮೊದಲೇ ಬಂದ್ ಮಾಡಿಡಿ. ಆಡಾಸಿಟಿ ಕೆಲಸ ಮಾಡುವಾಗ ಸ್ಟೀರಿಯೊಗೆ ಗಂಟೆಗೆ ಸುಮಾರು 1.27 ಜಿಬಿ ಜಾಗ ಬೇಕು, ಮುಗಿದ ಮೇಲೆ ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿ ಪ್ರಾಜೆಕ್ಟ್ ಅಳಿಸಿ.

ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಮಾನಿಟರ್ ಎಂಬ ಹೆಸರಿನ ಡಿವೈಸ್ ಇರುತ್ತದೆ. ಮ್ಯಾಕ್‌ನಲ್ಲಿ ಬ್ಲ್ಯಾಕ್‌ಹೋಲ್ ಎಂಬ ಉಚಿತ ಡ್ರೈವರ್ ಹಾಕಿಕೊಳ್ಳಬೇಕು.

ಜಾಗ, ಡೇಟಾ

ಸೆಕೆಂಡಿಗೆ 128 ಕಿಲೋಬಿಟ್‌ನ ಸ್ಟ್ರೀಮ್ ಗಂಟೆಗೆ 57.6 ಎಂಬಿ, 64 ಕಿಲೋಬಿಟ್‌ನದು 28.8 ಎಂಬಿ. ಲೆಕ್ಕ ಸುಲಭ: ಕಿಲೋಬಿಟ್‌ನ ಸಂಖ್ಯೆಯನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಎಂಬಿ ಎಂಬುದು ಬರುತ್ತದೆ. ಮನೆಗೆ ಫೈಬರ್ ಇದ್ದರೆ ಇದು ಲೆಕ್ಕಕ್ಕೇ ಇಲ್ಲ. ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿದವರು ಮಾತ್ರ ನೋಡಿಕೊಳ್ಳಬೇಕು: 128 ಕಿಲೋಬಿಟ್ ಸ್ಟ್ರೀಮ್ ಇಡೀ ದಿನ ಓಡಿದರೆ 1.38 ಜಿಬಿ, ದಿನಕ್ಕೆ 1.5 ಜಿಬಿಯ ಪ್ಯಾಕ್ ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಮಿತಿ ದಾಟಿದ ಮೇಲೆ ವೇಗ 64 ಕಿಲೋಬಿಟ್‌ಗೆ ಇಳಿಯುವ ಪ್ಯಾಕ್‌ಗಳಲ್ಲಿ 128ರ ಸ್ಟ್ರೀಮ್ ಸರಿಯಾಗಿ ಬರುವುದಿಲ್ಲ, ಮತ್ತೆ ಮತ್ತೆ ನಿಲ್ಲುತ್ತದೆ. ವೈಫೈ ಗೋಡೆಯಾಚೆ ಇದ್ದರೆ ಒಂದು ನೆಟ್‌ವರ್ಕ್ ಕೇಬಲ್ ಎಳೆಯಿರಿ. ಎಷ್ಟೋ "ಸಾಫ್ಟ್‌ವೇರ್ ದೋಷ" ಆ ಕೇಬಲಿನಿಂದಲೇ ವಾಸಿಯಾಗುತ್ತದೆ.

ರೆಕಾರ್ಡ್ ಆದ ಮೇಲೆ

ಮೊದಲ ದಿನವೇ ಪೂರ್ತಿ ನಂಬಬೇಡಿ. ಟಿ 120 ಎಂದು ಕೊಟ್ಟು ಎರಡು ನಿಮಿಷದ ಪರೀಕ್ಷೆ ಮಾಡಿ, ಬ್ಯಾಚ್ ಫೈಲನ್ನು ಕೈಯಿಂದ ಓಡಿಸಿ, ಆಮೇಲೆ ಟಾಸ್ಕ್ ಮೂಲಕ ಓಡಿಸಿ. ಕೊನೆಗೆ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ರೌಟರಿನ ಪ್ಲಗ್ ಅರ್ಧ ನಿಮಿಷ ಕಿತ್ತು ಹಾಕಿ. ಆಗಲೂ ಮುಂದುವರಿದರೆ ನಿಮ್ಮ ಏರ್ಪಾಡು ಗಟ್ಟಿ.

ಹತ್ತು ನಿಮಿಷದ ತುಣುಕುಗಳನ್ನು ಒಂದು ಮಾಡಲು ಹೊಸ ಸಾಫ್ಟ್‌ವೇರ್ ಬೇಕಿಲ್ಲ. ವಿಂಡೋಸ್‌ನ ಕಾಪಿ ಆದೇಶಕ್ಕೆ ಓರೆಗೆರೆ ಬಿ ಸೇರಿಸಿ, ಫೈಲುಗಳ ಹೆಸರಿನ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಎಂಪಿ3, ಎಎಸಿ, ಟಿಎಸ್‌ಗಳು ಬಾಲಕ್ಕೆ ತಲೆ ಕೂಡಿಕೊಳ್ಳುತ್ತವೆ. ಮುಂದಿನ ಹಿಂದಿನ ಹೆಚ್ಚುವರಿ ನಿಮಿಷ ಕತ್ತರಿಸಲು, ಫೈಲ್ ಎಂಪಿ3 ಆದರೆ ಎಂಪಿ3 ಡೈರೆಕ್ಟ್‌ಕಟ್ ಬಳಸಿ. ಅದು ಮತ್ತೆ ಅಡಕ ಮಾಡದೆ ಹಾಗೇ ಕತ್ತರಿಸುತ್ತದೆ. ಹಳೆಯ ಪೆನ್‌ಡ್ರೈವ್‌ಗೆ ದೊಡ್ಡ ಫೈಲ್ ಹೋಗದಿದ್ದರೆ ಅದು ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬಹುದು, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ.

ಕಾನೂನಿನ ಮಾತೊಂದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 37ನೇ ಕಲಮಿನಂತೆ ಪ್ರಸಾರದ ಮೇಲೆ ಪ್ರಸಾರ ಮಾಡಿದವರಿಗೆ 25 ವರ್ಷದ ಹಕ್ಕಿದೆ. 39ನೇ ಕಲಮು ರೆಕಾರ್ಡ್ ಮಾಡಿಕೊಂಡವರ ಖಾಸಗಿ ಬಳಕೆಗೆ, ಪ್ರಾಮಾಣಿಕ ಬೋಧನೆಗೆ ಮತ್ತು ಸಂಶೋಧನೆಗೆ ಮಾಡಿಕೊಂಡ ಧ್ವನಿಮುದ್ರಣವನ್ನು ಆ ಹಕ್ಕಿನ ಉಲ್ಲಂಘನೆಯಿಂದ ಹೊರಗಿಟ್ಟಿದೆ. ಮನೆಯಲ್ಲಿ ಮತ್ತೆ ಕೇಳುವುದಕ್ಕೆ ಅಡ್ಡಿಯಿಲ್ಲ. ಯೂಟ್ಯೂಬ್‌ಗೆ ಏರಿಸುವುದು, ಪೆನ್‌ಡ್ರೈವ್‌ಗೆ ತುಂಬಿ ಮಾರುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ಊರಿನ ರೈತ ಸಂಘಕ್ಕೋ ಶಾಲೆಯ ಕಾರ್ಯಕ್ರಮಕ್ಕೋ ಬಹಿರಂಗವಾಗಿ ಬಳಸಬೇಕಿದ್ದರೆ, ಕಾರ್ಯಕ್ರಮದ ಹೆಸರು ಮತ್ತು ಪ್ರಸಾರದ ದಿನಾಂಕ ಬರೆದು ಆಕಾಶವಾಣಿ ಕೇಂದ್ರಕ್ಕೇ ಪತ್ರ ಹಾಕಿ ಅನುಮತಿ ಕೇಳಿ. ಆ ದಿನಾಂಕ ನಿಮ್ಮ ಫೈಲಿನ ಹೆಸರಿನಲ್ಲೇ ಇರುತ್ತದೆ.